ಹುಳು ಸಾಕುವುದು ಗೊತ್ತು, ಸಾಲ ಗೊತ್ತಿಲ್ಲ: ತಲೆಪೆಟ್ಟಿನ ನಂತರದ ಮರೆವಿನ ಒಂದು ಪ್ರಕರಣ

ಇದು ಶಿಡ್ಲಘಟ್ಟ ತಾಲ್ಲೂಕಿನ ಒಬ್ಬ ರೇಷ್ಮೆ ರೈತರ ಪ್ರಕರಣ. ಅವರ ಮತ್ತು ಮನೆಯವರ ಒಪ್ಪಿಗೆ ಪಡೆದು ಬರೆಯುತ್ತಿದ್ದೇನೆ. ಹೆಸರು, ವಯಸ್ಸು, ಹಣದ ಮೊತ್ತ ಬದಲಿಸಿದ್ದೇನೆ. ಊರಿನ ಹೆಸರು ಹೇಳುವುದಿಲ್ಲ. ಇಲ್ಲಿ ಅವರನ್ನು ಮುನಿರಾಜು ಎಂದು ಕರೆಯುತ್ತೇನೆ. ನಾನು ಚಿಕ್ಕಬಳ್ಳಾಪುರದಲ್ಲಿ, ಮಿದುಳಿಗೆ ಪೆಟ್ಟು ಬಿದ್ದವರ ನೆನಪು ಮತ್ತು ಗಮನ ಸುಧಾರಿಸಲು ನೆರವಾಗುವ ಮನಶ್ಶಾಸ್ತ್ರಜ್ಞೆ.

ಅವರ ಊರಿನವರು ಕೇಳಿದ ಒಂದು ಪ್ರಶ್ನೆಯನ್ನು ಬೇರೆ ಬೇರೆ ಮನೆಗಳಲ್ಲೂ ಕೇಳಿದ್ದೇನೆ. "ಕೆಲಸ ನೆನಪಿದೆಯಂತೆ, ಸಾಲ ಮಾತ್ರ ನೆನಪಿಲ್ಲವಂತೆ. ಇದು ನಾಟಕ ಅಲ್ವಾ?" ಈ ಒಂದು ಅನುಮಾನಕ್ಕೆ ಸಂಬಂಧಗಳೇ ಮುರಿಯುತ್ತವೆ. ಅದಕ್ಕೇ ಇದನ್ನು ವಿವರವಾಗಿ ಬರೆಯಬೇಕು ಅನ್ನಿಸಿತು.

ಹಿನ್ನೆಲೆ

ಮುನಿರಾಜು ಅವರಿಗೆ ನಲವತ್ತೈದರ ಆಸುಪಾಸು. ಎಸ್ಸೆಸ್ಸೆಲ್ಸಿವರೆಗೆ ಓದಿದ್ದಾರೆ. ಎರಡು ಎಕರೆ ಹಿಪ್ಪುನೇರಳೆ ತೋಟ, ಒಂದು ಕೊಳವೆಬಾವಿ, ಮನೆ ಪಕ್ಕದಲ್ಲೇ ಹುಳು ಮನೆ. ಮಗಳು ಪಿಯುಸಿ, ಮಗ ಆರನೇ ತರಗತಿ. ಮನೆಯೊಳಗೆ ತೆಲುಗು, ಹೊರಗೆ ಕನ್ನಡ. ಹಣಕಾಸಿನ ವ್ಯವಹಾರ ಪೂರ್ತಿ ಅವರ ಕೈಯಲ್ಲೇ ಇತ್ತು. ಹೆಂಡತಿಗೆ ಅರ್ಧಂಬರ್ಧ ಗೊತ್ತಿತ್ತು ಅಷ್ಟೆ.

ಒಂದು ರಾತ್ರಿ ಬೈಕಿನಲ್ಲಿ ಬರುವಾಗ, ರಸ್ತೆ ಬದಿ ದೀಪವಿಲ್ಲದೆ ನಿಂತಿದ್ದ ಟ್ರ್ಯಾಕ್ಟರ್ ಟ್ರೇಲರ್‌ಗೆ ಗುದ್ದಿದರು. ಹೆಲ್ಮೆಟ್ ಪೆಟ್ರೋಲ್ ಟ್ಯಾಂಕಿನ ಮೇಲಿತ್ತು. ಬೆಂಗಳೂರಿನ ದೊಡ್ಡಾಸ್ಪತ್ರೆ ತಲುಪಿದಾಗ ಪ್ರಜ್ಞೆಯ ಮಟ್ಟ ಅಳೆಯುವ ಗ್ಲ್ಯಾಸ್ಗೋ ಕೋಮಾ ಅಂಕ 15ಕ್ಕೆ 7. ಎಂಟು ಅಥವಾ ಅದಕ್ಕಿಂತ ಕಡಿಮೆ ಇದ್ದರೆ ಅದು ತೀವ್ರ ಪೆಟ್ಟು. ಸ್ಕ್ಯಾನ್‌ನಲ್ಲಿ ಎಡ ಕಿವಿಯ ಮೇಲ್ಭಾಗದ ಟೆಂಪೊರಲ್ ಭಾಗದಲ್ಲೂ ಹಣೆಯ ಹಿಂದಿನ ಫ್ರಾಂಟಲ್ ಭಾಗದಲ್ಲೂ ಜಜ್ಜಿದ ಗಾಯ, ರಕ್ತ. ತಲೆಬುರುಡೆಯ ತಳ ಈ ಎರಡು ಭಾಗಗಳ ಕೆಳಗೆ ಒರಟಾಗಿರುತ್ತದೆ. ತಲೆ ರಭಸದಿಂದ ನಿಂತಾಗ ಮಿದುಳು ಅಲ್ಲೇ ಉಜ್ಜಿಕೊಳ್ಳುತ್ತದೆ. ಹೊಸ ನೆನಪನ್ನು ಕಟ್ಟುವ ಹಿಪ್ಪೊಕ್ಯಾಂಪಸ್ ಇರುವುದು ಟೆಂಪೊರಲ್ ಭಾಗದ ಒಳಮಗ್ಗುಲಲ್ಲಿ. ಸಂಗ್ರಹವಾಗಿರುವ ನೆನಪಿನಲ್ಲಿ ಬೇಕಾದದ್ದನ್ನು ಹುಡುಕಿ, ಸರಿಯೇ ತಪ್ಪೇ ಎಂದು ನೋಡುವ ಕೆಲಸದಲ್ಲಿ ಫ್ರಾಂಟಲ್ ಭಾಗದ ಪಾಲು ದೊಡ್ಡದು. ಇವರಿಗೆ ಎರಡಕ್ಕೂ ಏಟು ಬಿದ್ದಿತ್ತು. ಆಪರೇಷನ್ ಬೇಕಾಗಲಿಲ್ಲ. ಕೆಲವು ದಿನ ವೆಂಟಿಲೇಟರ್, ಆಮೇಲೆ ವಾರ್ಡು.

"ಯಾರ ಮಗ ನೀನು?"

ಕಣ್ಣು ಬಿಟ್ಟ ಮೇಲೆ ಮಾತು ಬೇಗ ಬಂತು. ಊಟ ಕೇಳುತ್ತಿದ್ದರು, ನರ್ಸ್‌ಗಳಿಗೆ ನಮಸ್ಕಾರ ಹೇಳುತ್ತಿದ್ದರು. ನೋಡಿದವರೆಲ್ಲ ಹುಷಾರಾದರು ಅಂದುಕೊಂಡರು. ಆದರೆ ಹಾಸಿಗೆ ಪಕ್ಕದಲ್ಲಿ ನಿಂತಿದ್ದ ಮಗಳನ್ನೇ ನೋಡಿ, "ಪಾಪು ಈಗ ತಾನೇ ಹೆಜ್ಜೆ ಇಡ್ತಾ ಇದೆ, ಬಾವಿ ಹತ್ರ ಬಿಡಬೇಡಿ" ಅಂದರು. ಆ ಪಾಪು ತಾನೇ ಎಂದು ಅವಳಿಗೆ ಗೊತ್ತಾಯಿತು. ಮಗನನ್ನು ಕೇಳಿದ್ದು ಇನ್ನೂ ಕಷ್ಟದ ಮಾತು. "ಯಾರ ಮಗಪ್ಪ ನೀನು?" ಹುಡುಗ ಹೊರಗೆ ಹೋದವನು ಆ ದಿನ ಮತ್ತೆ ವಾರ್ಡಿನೊಳಗೆ ಬರಲಿಲ್ಲ.

ಅಪಘಾತದ ಹಿಂದಿನ ಸುಮಾರು ಹದಿನೈದು ವರ್ಷ ಕಾಣೆಯಾಗಿತ್ತು. ವೈದ್ಯರು ಇದನ್ನು ರೆಟ್ರೊಗ್ರೇಡ್ ಅಮ್ನೀಷಿಯಾ ಅನ್ನುತ್ತಾರೆ. ಪೆಟ್ಟಿಗೆ ಮೊದಲೇ ಕೂಡಿಟ್ಟಿದ್ದ ನೆನಪು ಕೈಗೆ ಸಿಗದಿರುವುದು. ಸಿನಿಮಾಗಳಲ್ಲಿ ತೋರಿಸುವ ಹಾಗೆ ತನ್ನ ಹೆಸರೇ ಮರೆತುಹೋಗುವುದು ತಲೆಪೆಟ್ಟಿನಲ್ಲಿ ಬಹಳ ಅಪರೂಪ. ಇನ್ನೊಂದು ಏಟು ಬಿದ್ದರೆ ಎಲ್ಲ ವಾಪಸು ಬರುವುದಂತೂ ಪೂರ್ತಿ ಕಟ್ಟುಕಥೆ. ಮುನಿರಾಜು ಅವರಿಗೆ ತಮ್ಮ ಹೆಸರು, ತಂದೆ ತಾಯಿ, ಶಾಲೆ, ಮದುವೆ ಎಲ್ಲ ಸರಿಯಾಗಿ ಗೊತ್ತಿತ್ತು.

ಫ್ರಾನ್ಸಿನ ಮನಶ್ಶಾಸ್ತ್ರಜ್ಞ ಥಿಯೊಡುಲ್ ರಿಬೊ 1881ರಲ್ಲೇ ಇದನ್ನು ಗುರುತಿಸಿದ್ದರು. ಹೊಸ ನೆನಪು ಮೊದಲು ಹೋಗುತ್ತದೆ, ಹಳೆಯದು ಉಳಿಯುತ್ತದೆ. ನಮ್ಮ ಬದುಕಿನ ಅನುಭವಕ್ಕೆ ಇದು ಉಲ್ಟಾ ಅನ್ನಿಸುತ್ತದೆ. ನಿನ್ನೆಯದು ಚೆನ್ನಾಗಿ ನೆನಪಿರಬೇಕು, ಇಪ್ಪತ್ತು ವರ್ಷದ ಹಿಂದಿನದು ಮಾಸಬೇಕು, ಅಲ್ವಾ? ಆದರೆ ಹಳೆಯ ನೆನಪು ಎಷ್ಟೋ ಸಲ ಮರುಕಳಿಸಿ, ಮಿದುಳಿನ ಹೊರಪದರದಲ್ಲಿ ಹಲವು ಕಡೆ ಬೇರುಬಿಟ್ಟಿರುತ್ತದೆ. ಹೊಸದು ಇನ್ನೂ ಹಿಪ್ಪೊಕ್ಯಾಂಪಸ್‌ನ ಆಸರೆಯಲ್ಲೇ ಇರುತ್ತದೆ ಎನ್ನುವುದು ಇದಕ್ಕೆ ಕೊಡುವ ಮುಖ್ಯ ವಿವರಣೆ. ಬದುಕಿನ ಘಟನೆಗಳಿಗೆ ಆ ಆಸರೆ ಕೊನೆಯವರೆಗೂ ಬೇಕೇ ಬೇಡವೇ ಎಂಬ ಚರ್ಚೆ ಮಾತ್ರ ಇನ್ನೂ ಮುಗಿದಿಲ್ಲ.

ಮೊದಲ ತೀರ್ಮಾನ: ಪರೀಕ್ಷೆ ನಿಲ್ಲಿಸುವುದು

ನಮ್ಮಲ್ಲಿಗೆ ಬಂದಾಗ ಪೆಟ್ಟು ಬಿದ್ದು ಏಳನೇ ವಾರ. ದಿನದಿನದ ಗೊಂದಲ ತಿಳಿಯಾಗಿತ್ತು. ಬೆಳಿಗ್ಗೆ ಏನು ತಿಂದೆ ಎಂದು ಸಂಜೆ ಹೇಳುತ್ತಿದ್ದರು. ಹಿಂದಿನದನ್ನು ಅಳೆಯಲು ಇದು ಮುಖ್ಯ. ಹೊಸದು ನಿಲ್ಲದ ಹಂತದಲ್ಲಿ ಹಳೆಯದನ್ನು ಎಷ್ಟು ಕೆದಕಿದರೂ ಸರಿಯಾದ ಚಿತ್ರ ಸಿಗುವುದಿಲ್ಲ.

ನೋಡಲು ಬಂದ ನೆಂಟರೆಲ್ಲ ಕಿತ್ತಳೆ ಹಣ್ಣು ಕೈಗಿಟ್ಟು ಕೇಳುತ್ತಿದ್ದುದು ಒಂದೇ. "ನಾನ್ಯಾರು, ಹೇಳು ನೋಡೋಣ?" ಪ್ರೀತಿಯಿಂದಲೇ ಕೇಳುತ್ತಿದ್ದರು. ಮುನಿರಾಜು ಗೊತ್ತಾಗದೆ ಊಹಿಸುತ್ತಿದ್ದರು. ಭಾಮೈದನನ್ನು ಒಂದು ಸಲ ತೀರಿಹೋದ ಸೋದರಮಾವನ ಹೆಸರಿನಿಂದ ಕರೆದರು. ಎಲ್ಲರೂ ನಕ್ಕರು, ತಿದ್ದಿದರು. ಮರುದಿನವೂ ಅದೇ ಹೆಸರು ಬಂತು, ಮೂರನೇ ದಿನವೂ.

ಇದಕ್ಕೆ ಕಾರಣ ಇದೆ. 1994ರಲ್ಲಿ ಬ್ರಿಟನ್ನಿನ ಅಲನ್ ಬ್ಯಾಡ್ಲಿ ಮತ್ತು ಬಾರ್ಬರಾ ವಿಲ್ಸನ್ ಮರೆವಿನ ರೋಗಿಗಳ ಕಲಿಕೆಯನ್ನು ಪರೀಕ್ಷಿಸಿ ತೋರಿಸಿದರು. ಊಹೆ ಮಾಡಿಸಿ ತಿದ್ದುವುದಕ್ಕಿಂತ, ತಪ್ಪಿಗೆ ಅವಕಾಶವೇ ಕೊಡದೆ ಸರಿಯಾದುದನ್ನು ಹೇಳಿಕೊಟ್ಟರೆ ಇಂಥವರು ಚೆನ್ನಾಗಿ ಕಲಿಯುತ್ತಾರೆ. ನಮಗಾದರೆ "ಅಯ್ಯೋ, ಆವತ್ತು ತಪ್ಪು ಹೇಳಿದ್ದೆ" ಅನ್ನುವ ನೆನಪು ತಿದ್ದುಪಡಿಗೆ ಬರುತ್ತದೆ. ಅವರಿಗೆ ಆ ನೆನಪು ದುರ್ಬಲ. ಬಾಯಿಂದ ಒಮ್ಮೆ ಹೊರಬಿದ್ದ ತಪ್ಪೇ ಅಭ್ಯಾಸವಾಗಿ ಕೂರುತ್ತದೆ.

ಹಾಗಾಗಿ ಮನೆಯವರಿಗೆ ಒಂದೇ ನಿಯಮ ಕೊಟ್ಟೆ. ಕೇಳಬೇಡಿ, ಹೇಳಿ. ಒಳಗೆ ಬರುವವರು ತಾವೇ ತಮ್ಮ ಹೆಸರು, ಸಂಬಂಧ ಹೇಳಿಕೊಂಡು ಬರಬೇಕು. ಕೇಳಲು ಸುಲಭ, ಪಾಲಿಸಲು ಕಷ್ಟ. ಹೆಂಡತಿ ಬಾಗಿಲಲ್ಲೇ ನಿಂತು ನೆಂಟರಿಗೆ ಹೇಳಿ ಕಳಿಸುತ್ತಿದ್ದರು. ಕೆಲವರು ಸಿಟ್ಟಾದರು. ಮಗನಿಗೆ ಇದು ಇನ್ನೂ ಕಷ್ಟ. "ಅಪ್ಪ, ನಾನು ನಿನ್ನ ಮಗ. ಆರನೇ ಕ್ಲಾಸು" ಎಂದು ದಿನಾ ಹೇಳಬೇಕು. ಮಗಳು ಅವನ ಕೈ ಹಿಡಿದು ಕರೆದುಕೊಂಡು ಬರುತ್ತಿದ್ದಳು. ಎರಡು ವಾರದಲ್ಲಿ ಅವನು ಬಾಯಿ ತೆರೆಯುವ ಮೊದಲೇ ತಂದೆ ಅವನ ಹೆಸರು ಹಿಡಿದು ಕರೆದರು. ಮಗ ಎಂದು ತಿಳಿದಿತ್ತು. ಅವನು ಹುಟ್ಟಿದ್ದು, ಬೆಳೆದದ್ದು ಇನ್ನೂ ನೆನಪಿರಲಿಲ್ಲ.

ಈ ವ್ಯತ್ಯಾಸವನ್ನು ಮನೆಯವರಿಗೆ ಬಿಡಿಸಿ ಹೇಳಲೇಬೇಕಾಯಿತು. ತಿಳಿದಿರುವುದು ಬೇರೆ, ನಡೆದದ್ದನ್ನು ಮತ್ತೆ ಕಣ್ಣ ಮುಂದೆ ತಂದುಕೊಳ್ಳುವುದು ಬೇರೆ. ಮನಶ್ಶಾಸ್ತ್ರಜ್ಞ ಎಂಡೆಲ್ ಟಲ್ವಿಂಗ್ 1972ರಲ್ಲಿ ಈ ಎರಡನ್ನು ಬೇರೆ ಮಾಡಿ ಹೇಳಿದರು. 1981ರಲ್ಲಿ ಕೆನಡಾದ ಯುವಕನೊಬ್ಬ ಮೋಟಾರ್‌ಸೈಕಲ್ ಅಪಘಾತದಲ್ಲಿ ತಲೆಗೆ ಪೆಟ್ಟು ಮಾಡಿಕೊಂಡ. ವೈದ್ಯ ಬರಹಗಳಲ್ಲಿ ಅವನನ್ನು ಕೆ.ಸಿ. ಎಂದು ಕರೆಯುತ್ತಾರೆ. ಕಲಿತ ವಿಷಯ, ಆಟಗಳ ನಿಯಮ ಎಲ್ಲ ಉಳಿದಿತ್ತು. ತನ್ನ ಬದುಕಿನ ಒಂದೇ ಒಂದು ಘಟನೆಯನ್ನೂ ಮನಸ್ಸಿಗೆ ತಂದುಕೊಳ್ಳಲು ಅವನಿಗೆ ಆಗುತ್ತಿರಲಿಲ್ಲ.

ನಕ್ಷೆ

ಯಾವ ವರ್ಷದವರೆಗೆ ನೆನಪಿದೆ ಎಂದು ತಿಳಿಯಲು ಬದುಕನ್ನು ಕಾಲದ ತುಂಡುಗಳಾಗಿ ನೋಡಿದೆವು. ಶಾಲೆ, ಮದುವೆಗೆ ಮೊದಲು, ಮಗಳು ಹುಟ್ಟಿದ ಕಾಲ, ಆಮೇಲಿನದು. ಪ್ರತಿಯೊಂದರಲ್ಲೂ ತಿಳಿದಿರುವ ಸಂಗತಿಯನ್ನು ಬೇರೆ, ಕಣ್ಣ ಮುಂದೆ ಬರುವ ಘಟನೆಯನ್ನು ಬೇರೆ ಕೇಳಿದೆವು. ಜೊತೆಗೆ ಊರಿಗೆಲ್ಲ ಗೊತ್ತಿರುವ, ತಾರೀಖು ಗಟ್ಟಿಯಾಗಿರುವ ವಿಷಯಗಳನ್ನೂ ಸೇರಿಸಿದೆವು.

ನಿಮ್ಮದು ಯಾವ ಜಿಲ್ಲೆ ಎಂದರೆ "ಕೋಲಾರ" ಅಂದರು. ಚಿಕ್ಕಬಳ್ಳಾಪುರ ಬೇರೆ ಜಿಲ್ಲೆಯಾದದ್ದು 2007ರಲ್ಲಿ. ಆದರೆ ಇದೊಂದನ್ನೇ ನಂಬಬಾರದು. ಪೆಟ್ಟೇ ಬೀಳದ ಎಷ್ಟೋ ಹಿರಿಯರು ಇವತ್ತಿಗೂ ಅಭ್ಯಾಸಬಲದಿಂದ ಕೋಲಾರ ಜಿಲ್ಲೆ ಅನ್ನುತ್ತಾರೆ. ಬೂದು ಬಣ್ಣದ, ಕೆಂಪು ಕೋಟೆ ಚಿತ್ರದ ಹೊಸ 500ರ ನೋಟು ತೋರಿಸಿದಾಗ ಬಂದ ಉತ್ತರ ಹೆಚ್ಚು ಗಟ್ಟಿ. ತಿರುಗಿಸಿ ಮುರುಗಿಸಿ ನೋಡಿ, "ಇದು ಮಕ್ಕಳು ಆಟ ಆಡೋ ನೋಟಾ?" ಅಂದರು. 2016ರ ನವೆಂಬರ್‌ನ ನೋಟು ರದ್ದು ಅವರ ಪಾಲಿಗೆ ನಡೆದೇ ಇರಲಿಲ್ಲ. 2020ರ ಲಾಕ್‌ಡೌನ್ ಬಗ್ಗೆ ಹೇಳಿದರೆ ಸುಮ್ನೆ ನಗುತ್ತಿದ್ದರು. ತಮಾಷೆ ಮಾಡುತ್ತಿದ್ದೇವೆ ಅಂದುಕೊಂಡಿದ್ದರು.

ಹದಿನೈದು ವರ್ಷ ಹೋಗೇಬಿಟ್ಟಿತೇ ಎಂದು ಹೆಂಡತಿ ಕೇಳಿದಾಗ ನಾನು ಒಂದು ಹಳೆಯ ಪ್ರಕರಣ ಹೇಳಿದೆ. 1933ರ ಆಗಸ್ಟ್‌ನಲ್ಲಿ ಬ್ರಿಟನ್ನಿನ ಗಾಲ್ಫ್ ಮೈದಾನದಲ್ಲಿ ಹುಲ್ಲು ನೋಡಿಕೊಳ್ಳುತ್ತಿದ್ದ 22 ವರ್ಷದ ಹುಡುಗ ಮೋಟಾರ್‌ಸೈಕಲ್‌ನಿಂದ ಬಿದ್ದ. ವಾರದ ನಂತರ ಕೇಳಿದರೆ ಇದು 1922, ನಾನು ಶಾಲಾ ಹುಡುಗ ಅಂದ. ನಡುವೆ ಐದು ವರ್ಷ ಆಸ್ಟ್ರೇಲಿಯಾದಲ್ಲಿ ಇದ್ದದ್ದೂ ಇಲ್ಲ, ಎರಡು ವರ್ಷ ಮೈದಾನದಲ್ಲಿ ದುಡಿದದ್ದೂ ಇಲ್ಲ. ಎರಡನೇ ವಾರ ಆಸ್ಟ್ರೇಲಿಯಾ ನೆನಪಾಯಿತು. ಮೂರನೇ ವಾರ ಊರಿಗೆ ಹೋದರೆ ಅದೇ ಅಪರಿಚಿತ, ದಾರಿ ತಪ್ಪುತ್ತಿದ್ದ. ಆದರೂ ಕೆಲಸ ಮಾತ್ರ ಚೆನ್ನಾಗಿ ಮಾಡುತ್ತಿದ್ದ. ಹತ್ತು ವಾರದ ಹೊತ್ತಿಗೆ ಅಪಘಾತದ ಕೆಲವೇ ನಿಮಿಷ ಹಿಂದಿನವರೆಗೂ ನೆನಪು ಬಂದಿತ್ತು. ಇದನ್ನು ಬರೆದಿಟ್ಟ ವೈದ್ಯರು ರಿಚಿ ರಸೆಲ್. ಎಲ್ಲರಿಗೂ ಇಷ್ಟು ಪೂರ್ತಿಯಾಗಿ ಬರುವುದಿಲ್ಲ ಎಂದೂ ಜೊತೆಯಲ್ಲೇ ಹೇಳಿದೆ. ಕಂದಕ ಕಿರಿದಾಗುತ್ತಾ ಬರುವುದು ಸಾಮಾನ್ಯ, ಪೂರ್ತಿ ಮುಚ್ಚುತ್ತದೆ ಎಂದು ಮಾತು ಕೊಡಲು ಆಗುವುದಿಲ್ಲ.

ಹುಳು ಮನೆಯಲ್ಲಿ

ಮೂರನೇ ತಿಂಗಳಿಗೆ ಮನೆಗೆ ಹೋದರು. ಅಣ್ಣ ಹುಳು ಮೇಯಿಸುತ್ತಿದ್ದರು. ಮುನಿರಾಜು ಒಳಗೆ ಹೋಗಿ ಗಾಬರಿಯಾದರು. "ತಟ್ಟೆಗಳೆಲ್ಲ ಎಲ್ಲಿ?" ಅವರ ನೆನಪಿನಲ್ಲಿ ಇದ್ದದ್ದು ಬಿದಿರಿನ ತಟ್ಟೆ, ಕೊಯ್ದು ಹಾಕುವ ಎಲೆ. ಆ ಮನೆಯಲ್ಲಿ ಅಟ್ಟಣೆ ಕಟ್ಟಿ, ಕಡ್ಡಿ ಸಮೇತ ಸೊಪ್ಪು ಹಾಕುವ ಪದ್ಧತಿ ಬಂದು ಹತ್ತು ವರ್ಷ ಆಗಿತ್ತು. ಶುರು ಮಾಡಿದ್ದು ಅವರೇ. ನಾನು ಇಂಥದ್ದನ್ನು ಕಂಡೇ ಇಲ್ಲ ಎಂದು ವಾದಿಸಿದರು.

ಆಮೇಲೆ ಅಣ್ಣ ಸೊಪ್ಪಿನ ಕಟ್ಟು ಕೈಗೆ ಕೊಟ್ಟರು. ಇವರು ಬಿಚ್ಚಿ, ಬುಡ ಒಂದು ಸಲ ಈ ಕಡೆ, ಒಂದು ಸಲ ಆ ಕಡೆ ಮಾಡುತ್ತಾ ಅಟ್ಟಣೆಯ ಉದ್ದಕ್ಕೂ ಹಾಸಿಕೊಂಡು ಹೋದರು. ಅಣ್ಣನಿಗಿಂತ ಬೇಗ. ಮಧ್ಯದಲ್ಲಿ ನಿಂತು, ತಲೆ ಎತ್ತಿ ಅಲ್ಲಾಡದೆ ಕೂತಿದ್ದ ಹುಳುಗಳನ್ನು ನೋಡಿ, "ಜ್ವರಕ್ಕೆ ಕೂರ್ತಾ ಇದೆ, ಸೊಪ್ಪು ನಿಲ್ಸಿ, ಸುಣ್ಣ ಹಾಕಿ" ಅಂದರು. ಪೊರೆ ಕಳಚುವ ಮುಂಚಿನ ಹಂತವನ್ನು ನಮ್ಮ ಕಡೆ ಜ್ವರ ಅನ್ನುವುದು. ಲೆಕ್ಕ ಸರಿಯಾಗಿಯೇ ಇತ್ತು.

ಇಡೀ ಪ್ರಕರಣದಲ್ಲಿ ನನಗೆ ಅತಿ ಮುಖ್ಯ ಅನ್ನಿಸಿದ್ದು ಇದೇ. ಹುಳದ ಜ್ವರ ಗುರುತಿಸುವುದು ಚಿಕ್ಕಂದಿನ ಕಲಿಕೆ, ಅದು ಉಳಿದದ್ದರಲ್ಲಿ ಅಚ್ಚರಿ ಇಲ್ಲ. ಆದರೆ ಅಟ್ಟಣೆ ಕೆಲಸ ಕಲಿತದ್ದು ಕಾಣೆಯಾದ ವರ್ಷಗಳಲ್ಲೇ. ಕಲಿತ ನೆನಪಿಲ್ಲ, ಕಲಿಕೆ ಕೈಯಲ್ಲಿದೆ. ಅಮೆರಿಕದ ಹೆನ್ರಿ ಮೊಲೈಸನ್ ಅವರಿಗೆ 1953ರಲ್ಲಿ ಮೂರ್ಛೆರೋಗಕ್ಕಾಗಿ ಮಿದುಳಿನ ಎರಡೂ ಕಡೆ ಹಿಪ್ಪೊಕ್ಯಾಂಪಸ್‌ನ ದೊಡ್ಡ ಭಾಗ ತೆಗೆದರು. ಮನಶ್ಶಾಸ್ತ್ರಜ್ಞೆ ಬ್ರೆಂಡಾ ಮಿಲ್ನರ್, ಮೊಲೈಸನ್ ಅವರಿಂದ ಕನ್ನಡಿಯಲ್ಲಿ ನೋಡಿಕೊಂಡು ನಕ್ಷತ್ರ ಬರೆಸಿದರು. ದಿನದಿಂದ ದಿನಕ್ಕೆ ಕೈ ಪಳಗಿತು. ಪ್ರತಿದಿನವೂ ಅವರು ಇದನ್ನು ಹಿಂದೆ ಮಾಡಿಯೇ ಇಲ್ಲ ಅನ್ನುತ್ತಿದ್ದರು. ಕೈಯ ಕಸುಬು ನಿಂತಿರುವುದು ಮಿದುಳಿನ ಬೇರೆ ಭಾಗಗಳ ಮೇಲೆ, ಬೇಸಲ್ ಗ್ಯಾಂಗ್ಲಿಯಾ ಮತ್ತು ಹಿಮ್ಮಿದುಳಿನ ಮೇಲೆ. ಇವರಲ್ಲಿ ಆ ಭಾಗಗಳು ಬಹುಮಟ್ಟಿಗೆ ಉಳಿದುಕೊಂಡಿದ್ದವು.

ಊರಿನಲ್ಲಿ ಹಬ್ಬಿದ ಮಾತು ಮಾತ್ರ ಬೇರೆ.

ಸಾಲ

ಅಪಘಾತಕ್ಕೆ ಹತ್ತು ತಿಂಗಳ ಹಿಂದೆ ಹುಳು ಮನೆ ದೊಡ್ಡದು ಮಾಡಲು ಮುನಿರಾಜು ದೂರದ ನೆಂಟರೊಬ್ಬರಿಂದ ಕೈಸಾಲ ಪಡೆದಿದ್ದರು. ಪತ್ರ ಇಲ್ಲ. ಕೊಟ್ಟವರು ಮೂರು ಲಕ್ಷ ಅಂದರು. ಅಣ್ಣ ಒಂದೂವರೆ ಅಂದರು. ತೆಗೆದುಕೊಂಡವರು "ನಾನು ಯಾವ ಸಾಲವನ್ನೂ ಮಾಡಿಲ್ಲ" ಅಂದರು. ಸೊಪ್ಪು ಹಾಕುವುದು ಗೊತ್ತು, ಹುಳ ಯಾವ ಜ್ವರದಲ್ಲಿದೆ ಗೊತ್ತು, ಸಾಲ ಗೊತ್ತಿಲ್ಲ. ಕೊಟ್ಟವರ ಸಿಟ್ಟು ನನಗೆ ಅರ್ಥವಾಗುತ್ತದೆ. ಅವರೂ ಮಗಳ ಮದುವೆಗೆಂದು ಇಟ್ಟಿದ್ದ ಹಣ ಅದು.

ಊರಿನ ಹಿರಿಯರು ನನ್ನನ್ನು ಕರೆಸಿದರು. "ನಾಟಕವೋ ಅಲ್ಲವೋ, ಹೇಳಿಬಿಡಿ ಮೇಡಂ." ನಾನು ಮೂರು ವಿಷಯ ಹೇಳಿದೆ. ಕಸುಬು, ತಿಳಿವಳಿಕೆ, ಘಟನೆ ಈ ಮೂರೂ ಮಿದುಳಿನಲ್ಲಿ ಒಂದೇ ಜಾಗದಲ್ಲಿ ಇರುವುದಿಲ್ಲ, ಹಾಗಾಗಿ ಒಂದು ಉಳಿದು ಇನ್ನೊಂದು ಹೋಗಬಹುದು. ಎರಡನೆಯದು, ಮರೆತದ್ದು ಸಾಲ ಒಂದೇ ಅಲ್ಲ. ಪಕ್ಕದ ಊರಿನವರಿಗೆ ಸೊಪ್ಪು ಮಾರಿದ್ದು, ಅದರಿಂದ ತಮಗೇ ಬರಬೇಕಾದ ಹಣ, ಅದೂ ಮರೆತಿದೆ. ತನಗೆ ಲಾಭವಾಗುವುದನ್ನೂ ಮರೆಯುವವರು ಲೆಕ್ಕ ಹಾಕಿ ಮರೆಯುತ್ತಿಲ್ಲ ಎಂದು ನನ್ನ ಅಂದಾಜು. ಇದನ್ನೇ ಪುರಾವೆ ಎಂದು ಹಿಡಿಯಬೇಡಿ ಅಂತಲೂ ಹೇಳಿದೆ. ಮೂರನೆಯದು, ಮೊತ್ತ ಎಷ್ಟು ಎನ್ನುವುದಕ್ಕೆ ಅವರ ನೆನಪಿಗಾಗಿ ಕಾಯಬೇಡಿ. ನೆನಪು ಬಂದರೂ ಅದನ್ನು ಸಾಕ್ಷಿ ಮಾಡಬೇಡಿ.

ಈ ಮೂರನೆಯ ಮಾತು ಯಾರಿಗೂ ರುಚಿಸಲಿಲ್ಲ. ಆದರೆ ಮುಂದೆ ಕೈಹಿಡಿದದ್ದು ಅದೇ. ಅವರ ಹೆಂಡತಿ ನಾವು ಹೇಳಿದಂತೆ ಒಂದು ನೋಟ್‌ಬುಕ್ ಇಟ್ಟಿದ್ದರು. ಎಡಪುಟದಲ್ಲಿ ಬೇರೆಯವರು ಹೇಳಿದ್ದು, ಬಲಪುಟದಲ್ಲಿ ತಾನಾಗಿ ನೆನಪಾದದ್ದು, ಎರಡಕ್ಕೂ ತಾರೀಖು. ಐದನೇ ತಿಂಗಳಲ್ಲಿ ಮುನಿರಾಜು ಒಂದು ಬೆಳಿಗ್ಗೆ, "ನೆನಪಾಯ್ತು, ಅವರ ಜಗಲಿ ಮೇಲೆ ಕೂತು ಮೂರು ಲಕ್ಷ ಎಣಿಸಿಕೊಂಡೆ" ಅಂದರು. ಕೊಟ್ಟವರಿಗೆ ಖುಷಿ. ನೋಟ್‌ಬುಕ್ ತೆಗೆದು ನೋಡಿದರೆ, ವಾರದ ಹಿಂದೆ ಅವರೇ ಮನೆಗೆ ಬಂದು ಜಗಲಿ, ಮೂರು ಲಕ್ಷ, ಎಣಿಸಿದ್ದು ಎಲ್ಲವನ್ನೂ ಹೇಳಿ ಹೋಗಿದ್ದು ಎಡಪುಟದಲ್ಲಿತ್ತು. ಮುನಿರಾಜು ಸುಳ್ಳು ಹೇಳುತ್ತಿರಲಿಲ್ಲ. ಕೊಟ್ಟವರು ಸುಳ್ಳು ತುಂಬಿದರು ಅಂತಲೂ ಅಲ್ಲ. ಕೇಳಿದ್ದು ಯಾವುದು, ಕಂಡದ್ದು ಯಾವುದು ಎಂದು ವಿಂಗಡಿಸಲು ಫ್ರಾಂಟಲ್ ಭಾಗ ಬೇಕು. ಅಲ್ಲಿ ಗಾಯವಾದವರಿಗೆ ಕೇಳಿದ್ದೂ ತಮ್ಮದೇ ನೆನಪಾಗಿ ಕಾಣುತ್ತದೆ.

ಕೊನೆಗೆ ಲೆಕ್ಕ ಸಿಕ್ಕಿದ್ದು ಕಾಗದದಲ್ಲಿ, ಫೋನಿನಲ್ಲಿ. ಬ್ಯಾಂಕ್ ಪಾಸ್‌ಬುಕ್‌ನಲ್ಲಿ ಆ ವಾರ ಎರಡು ಲಕ್ಷ ನಗದು ಜಮೆ ಆಗಿತ್ತು. ಅಟ್ಟಣೆ ಕೆಲಸದವರಿಗೆ ಕೈಯಲ್ಲಿ ಕೊಟ್ಟ ಐವತ್ತು ಸಾವಿರಕ್ಕೆ ಅವರ ಬಿಲ್ ಇತ್ತು. ಫೋನ್‌ಪೇನಲ್ಲಿ ಸಾಲ ಕೊಟ್ಟವರ ಮಗನ ಖಾತೆಗೆ ನಾಲ್ಕು ಸಲ ಹಣ ಹೋಗಿತ್ತು. ಇವನ್ನೆಲ್ಲ ಮುಂದಿಟ್ಟುಕೊಂಡು ಎರಡೂ ಕಡೆಯವರು ಎರಡೂವರೆ ಲಕ್ಷಕ್ಕೆ ಒಪ್ಪಿ, ಕಟ್ಟಿದ್ದನ್ನು ಕಳೆದು, ಉಳಿದದ್ದನ್ನು ಪ್ರತಿ ಬೆಳೆಯ ಮೇಲೆ ಕೊಡುವಂತೆ ಬರೆದುಕೊಂಡರು.

ಆ ಮೇಲೆ ಒಂದು ದಿನ ಬಲಪುಟಕ್ಕೆ ಒಂದು ಸಾಲು ಸೇರಿತು. ಊಟದ ಬ್ಯಾಗಿನಲ್ಲಿ ಹಣ ಇಟ್ಟುಕೊಂಡು ಬರುವಾಗ ಬೈಕ್ ಪಂಕ್ಚರ್ ಆಗಿ, ಹೆದರಿಕೊಂಡೇ ತಳ್ಳಿಕೊಂಡು ಬಂದದ್ದು. ಇದನ್ನು ಯಾರೂ ಹೇಳಿರಲಿಲ್ಲ, ಯಾರಿಗೂ ಗೊತ್ತೂ ಇರಲಿಲ್ಲ. ಅವರದೇ ನೆನಪು ಎಂದು ನಾನು ನಂಬುತ್ತೇನೆ. ಅದರಲ್ಲೂ ಎಷ್ಟು ಹಣ ಎನ್ನುವುದು ಇರಲಿಲ್ಲ.

ಬಂದದ್ದು, ಬಾರದ್ದು

ನೆನಪು ವರ್ಷದ ಮೇಲೆ ವರ್ಷ ಸಾಲಾಗಿ ಬರಲಿಲ್ಲ. ಅಲ್ಲಲ್ಲಿ ಒಂದೊಂದು ತುಣುಕು ಮೊದಲು, ನಡುವಿನದು ಆಮೇಲೆ. ಒಟ್ಟಿನಲ್ಲಿ ಹಳೆಯದು ಮುಂಚೆ ಬಂದದ್ದು ನಿಜ. ಮಗನ ಬಗ್ಗೆ ಮೊದಲು ಬಂದದ್ದು, ಕೈವಾರಕ್ಕೆ ಹೋಗಿದ್ದಾಗ ಹೊಸ ಚಪ್ಪಲಿ ಕಳೆದುಕೊಂಡು ದಾರಿಯುದ್ದಕ್ಕೂ ಅತ್ತಿದ್ದು. ಹುಡುಗನಿಗೇ ಅದು ಮರೆತುಹೋಗಿತ್ತು. ನೋಟು ರದ್ದಾದಾಗ ಬ್ಯಾಂಕಿನ ಮುಂದೆ ನಿಂತದ್ದು ಆರನೇ ತಿಂಗಳಲ್ಲಿ ಬಂತು. ಲಾಕ್‌ಡೌನ್‌ನಲ್ಲಿ ಗೂಡು ಸಾಗಿಸಲು ಪರದಾಡಿದ್ದು ಇನ್ನೂ ತಡವಾಗಿ.

ಒಂದು ವರ್ಷಕ್ಕೆ ನೋಡಿದಾಗ ಸ್ಥಿತಿ ಹೀಗಿತ್ತು. ಕೊನೆಯ ಎರಡು ವರ್ಷ ತೂತು ತೂತು. ಅಪಘಾತದ ಹಿಂದಿನ ಮೂರು ವಾರ ಪೂರ್ತಿ ಖಾಲಿ. ಅಪಘಾತ, ಆಸ್ಪತ್ರೆಯ ಮೊದಲ ವಾರಗಳು ಕೂಡ ಖಾಲಿ. ಈ ಕೊನೆಯ ಭಾಗ ಬರುವ ಭರವಸೆ ನನಗಿಲ್ಲ, ಮನೆಯವರಿಗೂ ಹಾಗೆಯೇ ಹೇಳಿದೆ. ಹೆಪ್ಪು ಹಾಕಿದ ಹಾಲನ್ನು ಗಟ್ಟಿಯಾಗುವ ಮೊದಲೇ ಕದಡಿದ ಹಾಗೆ, ಆ ಹೊತ್ತಿನ ಅನುಭವ ನೆನಪಾಗಿ ನಿಲ್ಲುವ ಮೊದಲೇ ಪೆಟ್ಟು ಬಿದ್ದಿದೆ.

ಇದನ್ನು ಬರೆದು ಕೊಡಬೇಕಾದ ಸಂದರ್ಭವೂ ಬಂತು. ಅಪಘಾತ ಪರಿಹಾರದ ಕೇಸಿನಲ್ಲಿ, ಟ್ರೇಲರ್‌ಗೆ ದೀಪ ಇರಲಿಲ್ಲ ಎಂದು ಮುನಿರಾಜು ಅವರೇ ಹೇಳಿದರೆ ಬಲ ಬರುತ್ತದೆ, ಅಭ್ಯಾಸ ಮಾಡಿಸಿ ಎಂದು ನೆಂಟರಲ್ಲಿ ಒಬ್ಬರು ಸಲಹೆ ಕೊಟ್ಟರು. ನಾನು ಖಡಾಖಂಡಿತವಾಗಿ ಬೇಡ ಅಂದೆ. ಹೇಳಿಕೊಟ್ಟದ್ದನ್ನು ಇವರು ನಂಬಿಬಿಡುತ್ತಾರೆ, ನಂಬಿಕೆಯಿಂದಲೇ ಹೇಳುತ್ತಾರೆ, ಎದುರು ವಕೀಲರ ಎರಡನೇ ಪ್ರಶ್ನೆಗೆ ಸಿಕ್ಕಿಬೀಳುತ್ತಾರೆ. ಆಮೇಲೆ ನಿಜವಾದ ಮರೆವೂ ಸುಳ್ಳಾಗಿ ಕಾಣುತ್ತದೆ. ಅಪಘಾತದ ಕ್ಷಣ ನೆನಪಿಲ್ಲ, ಇಂಥ ಗಾಯದಲ್ಲಿ ಅದು ಸಹಜ ಎಂದು ವರದಿ ಬರೆದೆ. ಟ್ರೇಲರ್ ಬಗ್ಗೆ ಪೊಲೀಸರ ಮಹಜರು, ಆ ರಾತ್ರಿ ಅವರನ್ನು ಎತ್ತಿದವರ ಹೇಳಿಕೆ ಇವೆ. ಕೇಸು ನಡೆಯುತ್ತಿದೆ. ಮುನಿರಾಜು ಈಗ ಅಣ್ಣನ ಜೊತೆ ಬೆಳೆ ತೆಗೆಯುತ್ತಿದ್ದಾರೆ. ಲೆಕ್ಕಪತ್ರ ಮಗಳ ಕೈಯಲ್ಲಿದೆ.